ಬಟನ್ ಸತ್ತಿತೆಂದ ಸಾಹೇಬರು ಮತ್ತು ನಾನು

ರಿಪೇರಿ ಕೆಲಸಕ್ಕೆ ಹೊಸದಾಗಿ ಸೇರುವವರಿಗಾಗಿ ನಾಲ್ಕು ಮಾತು ಬರೆದುಕೊಡಿ ಎಂದು ನಮ್ಮ ಸರ್ವಿಸ್ ಸೆಂಟರಿನವರು ಕೇಳಿದರು. ಬಡ್ತಿ, ಬೀಳ್ಕೊಡುಗೆಯ ಶಾಲು, ಗುಂಪು ಫೋಟೋ ಇವುಗಳ ಬಗ್ಗೆ ಬರೆಯುತ್ತೇನೆಂದು ಅವರು ಎಣಿಸಿರಬೇಕು. ಬಡ್ತಿ ನನಗೆ ಸಿಕ್ಕಿದ್ದು ಒಂದೇ ಸಲ. ಅದರಿಂದ ನನ್ನ ಕುರ್ಚಿಗೆ ಚಕ್ರ ಬಂತು, ಬೇರೇನೂ ಆಗಲಿಲ್ಲ. ಹಾಗಾಗಿ ನಾನು ಮಾಡಿದ ಒಂದು ಕಿತಾಪತಿಯ ಬಗ್ಗೆ ಬರೆಯುತ್ತಿದ್ದೇನೆ. ನಿವೃತ್ತಿಯಾದವಳಿಗೆ ಯಾರೂ ಮೆಮೊ ಕೊಡುವಂತಿಲ್ಲ.

ನಾನು ಕಸ್ತೂರಿ, ವಿಜಯಪುರದವಳು. ಐಟಿಐನಲ್ಲಿ ಎಲೆಕ್ಟ್ರಾನಿಕ್ಸ್ ಕಲಿತು, ಮದುವೆಯಾಗಿ ಮರಾಠಿ ಸೀಮೆಯ ಡೊಂಬಿವಲಿಗೆ ಬಂದೆ. ಠಾಣೆ ರೈಲು ಸ್ಟೇಷನ್ನಿನ ಹತ್ತಿರದ ಸರ್ವಿಸ್ ಸೆಂಟರಿನಲ್ಲಿ ವಿಡಿಯೋ ಗೇಮಿನ ಕಂಟ್ರೋಲರ್ ರಿಪೇರಿ ಮಾಡುವುದು ನನ್ನ ಕೆಲಸವಾಗಿತ್ತು. ಕಂಟ್ರೋಲರ್ ಎಂದರೆ ಎರಡು ಕೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಬಟನ್ ಒತ್ತಿ, ಪುಟ್ಟ ಕಡ್ಡಿ ತಿರುಗಿಸಿ ಆಡುವ ಸಾಧನ. ಕಿಟಕಿಯ ಪಕ್ಕ ಒಂದು ಮೇಜು, ಒಂದು ಸೋಲ್ಡರಿಂಗ್ ಐರನ್, ಒಂದು ಭೂತಗನ್ನಡಿ, ಬಿಸ್ಕತ್ತಿನ ಡಬ್ಬಿಗಳಲ್ಲಿ ವಿಂಗಡಿಸಿಟ್ಟ ಸ್ಕ್ರೂಗಳು. ಆ ಮೇಜು ನನ್ನದು ಎಂದು ಎಲ್ಲೂ ಬರೆದಿರಲಿಲ್ಲ, ಆದರೆ ನನ್ನನ್ನು ಕೇಳದೆ ಯಾರೂ ಅದರ ಮೇಲೆ ಚಹಾದ ಗ್ಲಾಸ್ ಇಡುತ್ತಿರಲಿಲ್ಲ.

ಹೊಸಬರು ಮೊದಲು ತಿಳಿಯಬೇಕಾದದ್ದು, ಗ್ರಾಹಕರು ಸುಳ್ಳು ಹೇಳುತ್ತಾರೆ. "ಏನೂ ಬಿದ್ದಿಲ್ಲ, ಸುಮ್ಮನೆ ಕೆಟ್ಟುಹೋಯ್ತು" ಎಂದು ಒಬ್ಬರು ತಂದುಕೊಟ್ಟ ಕಂಟ್ರೋಲರನ್ನು ಬಿಚ್ಚಿದರೆ, ಒಳಗೆ ಕಬ್ಬಿನ ಹಾಲು ಗಟ್ಟಿಯಾಗಿ ಇರುವೆಗಳು ಸಂಸಾರ ಹೂಡಿದ್ದವು. ವಡಾಪಾವಿನ ಕೆಂಪು ಚಟ್ನಿಪುಡಿಯಂತೂ ಹತ್ತರಲ್ಲಿ ಆರು ಕಂಟ್ರೋಲರುಗಳಲ್ಲಿ ಸಿಗುತ್ತಿತ್ತು. ಮೊದಮೊದಲು ಬಟನ್ ಕೆಳಗಿನ ರಬ್ಬರನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ವಿದ್ಯುತ್ ಹಾಯಿಸುವ ಕರಿಚುಕ್ಕೆ ಸವೆದಿದ್ದರೆ ಅದಕ್ಕೆ ಪೆನ್ಸಿಲ್ ಉಜ್ಜಿ ಜೀವ ತುಂಬುತ್ತಿದ್ದೆವು. ಆಮೇಲೆ ರಬ್ಬರ್ ಬದಲಿಸಿ ಎಂದರು, ಇನ್ನೂ ಆಮೇಲೆ ಇಡೀ ಬೋರ್ಡೇ ಬದಲಿಸಿ ಎಂದರು. ನಾನು ಕೊನೆಯವರೆಗೂ ಡ್ರಾಯರಿನಲ್ಲಿ ಒಂದು ಪೆನ್ಸಿಲ್ ಇಟ್ಟುಕೊಂಡಿದ್ದೆ.

ಎರಡು ಸಾವಿರದ ಇಸವಿಯ ಮೊದಲ ದಶಕ ಮುಗಿಯುತ್ತ ಬಂದಾಗ ನಮಗೆ ಹೊಸ ಮ್ಯಾನೇಜರ್ ಬಂದರು. ಶ್ರೀವತ್ಸ ಸರ್, ಮೈಸೂರಿನವರು. ಇಸ್ತ್ರಿ ಕೆಡದ ಅಂಗಿ, ಬಾಯಿ ತುಂಬ ನಗು, ಹೊಸ ಯಂತ್ರ ಕಂಡರೆ ಮಗುವಿನಂಥ ಆಸೆ. ಅದೇ ಹೊತ್ತಿಗೆ ಕೈ ಬೀಸಿ ಆಡುವ ರಿಮೋಟುಗಳು ಬಂದಿದ್ದವು. ಬಟನ್ ಒತ್ತುವುದಿಲ್ಲ, ಟೆನಿಸ್ ಆಡಬೇಕಾದರೆ ನಿಜವಾಗಿಯೂ ನಿಂತು ತೋಳು ಬೀಸಬೇಕು. ಶ್ರೀವತ್ಸ ಸರ್ ಅದನ್ನು ಕೈಯಲ್ಲಿ ಹಿಡಿದ ದಿನವೇ ತೀರ್ಪು ಕೊಟ್ಟುಬಿಟ್ಟರು.

"ನೋಡಿ ಕಸ್ತೂರಿ ಅವ್ರೇ, ಬಟನ್ ಅನ್ನೋದು ಸತ್ತೋಯ್ತು. ಇನ್ನು ಐದು ವರ್ಷ ಆದ್ಮೇಲೆ ಮಕ್ಕಳು ಈ ಡಬ್ಬಾನ ಮ್ಯೂಸಿಯಮ್ಮಲ್ಲಿ ನೋಡ್ತಾರೆ."

"ಸರ್, ಲಿಫ್ಟಿನಾಗ ನೀವು ಕುಣದು ನಾಕನೇ ಮಾಳಗಿಗೆ ಹೋಗ್ತೀರೇನ್ರೀ?" ಎಂದೆ.

ಎಲ್ಲರೂ ನಕ್ಕರು, ಅವರೂ ನಕ್ಕರು. ಆದರೆ ವಾರದೊಳಗೆ ಅವರು ಹೆಡ್ಡಾಫೀಸಿಗೆ ಕಳಿಸಿದ ಯೋಜನೆಯನ್ನು ನನಗೇ ಓದಲು ಕೊಟ್ಟರು. ಅದರ ಪ್ರಕಾರ ಮೂರು ತಿಂಗಳಲ್ಲಿ ಕಂಟ್ರೋಲರ್ ರಿಪೇರಿ ಮೇಜು ಬಂದ್. ಆ ಜಾಗದಲ್ಲಿ ಗ್ರಾಹಕರು ಕೈ ಬೀಸಿ ನೋಡಲು ಖಾಲಿ ಸ್ಥಳ. ಕಸ್ತೂರಿಯವರನ್ನು ಭಿವಂಡಿ ಗೋಡೌನಿಗೆ ಕಳಿಸುವುದು, ಬಂದ ಪೆಟ್ಟಿಗೆಗಳ ಸೀಲ್ ನೋಡುವ ಕೆಲಸ. ಡೀಲರುಗಳನ್ನು ಕರೆದು ಹೊಸ ರಿಮೋಟಿನ ಪ್ರದರ್ಶನ ಮಾಡುತ್ತಾರಂತೆ, ಅದು ಚೆನ್ನಾಗಿ ಆದರೆ ಹೆಡ್ಡಾಫೀಸಿನವರು ಅಲ್ಲೇ ಸಹಿ ಹಾಕುತ್ತಾರಂತೆ.

ನನಗೆ ಹೋಗಲು ಮನಸ್ಸಿರಲಿಲ್ಲ. ಭಿವಂಡಿ ದೂರ ಅನ್ನುವುದು ಒಂದು ಕಾರಣ. ಕಲ್ಯಾಣದಲ್ಲಿ ಇಳಿದು ಬಸ್ಸಿಗೆ ಕಾದು ಲಾರಿಗಳ ಹಿಂದೆ ತೆವಳಬೇಕು. ಆದರೆ ನಿಜವಾದ ಸಂಕಟ ಬೇರೆ. ನನ್ನ ಕೈಗೆ ಬರುತ್ತಿದ್ದ ಒಂದೇ ವಿದ್ಯೆ ಆ ಮೇಜಿನ ಮೇಲಿತ್ತು. ಪೆಟ್ಟಿಗೆಯ ಸೀಲ್ ನೋಡಲು ಕಣ್ಣಿದ್ದರೆ ಸಾಕು, ಕಸ್ತೂರಿ ಬೇಕಾಗಿರಲಿಲ್ಲ.

ಅದೇ ತಿಂಗಳು ಗಿರಿಜಕ್ಕನ ದೂರು ಬಂತು. ಗಿರಿಜಕ್ಕ ಮಂಗಳೂರು ಕಡೆಯವರು, ಡೊಂಬಿವಲಿಯಲ್ಲೇ ನಮ್ಮ ಮನೆಯಿಂದ ಎರಡು ಗಲ್ಲಿ ಆಚೆ ಇರುವ ಅಜ್ಜಿ. ದುಬೈಯಲ್ಲಿದ್ದ ಮಗ ಮೊಮ್ಮಕ್ಕಳಿಗೆ ಕೈ ಬೀಸುವ ಗೇಮ್ ಕಳಿಸಿದ್ದ. ಎರಡು ಸಲ ಸೆಂಟರಿಗೆ ತಂದರು. ನಮ್ಮಲ್ಲಿ ಎರಡು ಸಲವೂ ಚೆನ್ನಾಗಿ ಓಡಿತು. ಮೂರನೇ ಸಲ ಅಜ್ಜಿ ನನ್ನ ಮೇಜಿನ ಮುಂದೆ ನಿಂತು ಸೊಂಟಕ್ಕೆ ಕೈ ಇಟ್ಟರು.

"ಎಂತ ಮಾರಾಯ್ತಿ, ನಿಮಗೆ ರಿಪೇರಿ ಬರ್ತದಾ ಇಲ್ವಾ? ಹಗಲು ಸರಿ ಉಂಟು. ಸಂಜೆ ಏಳು ಗಂಟೆ ಆದ ಕೂಡಲೇ ಅದಕ್ಕೆ ಮರುಳು ಹಿಡಿಯುತ್ತದೆ."

"ಏಳಕ್ಕೇನಾ ಅಕ್ಕಾ? ದಿನಾ?"

"ದಿನಾ. ಬೇಕಾದ್ರೆ ಬಂದು ನೋಡು."

ಕೆಲಸ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ಹೋಗಿ ಕೂತೆ. ಒಂದು ಕೋಣೆ, ಒಂದು ಅಡುಗೆಮನೆ. ಮಕ್ಕಳು ಆಡುವುದಕ್ಕಾಗಿ ಮಂಚವನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದರು, ಅಜ್ಜ ಪೇಪರ್ ಹಿಡಿದು ಅಡುಗೆಮನೆಯ ಹೊಸ್ತಿಲಿಗೆ ವಲಸೆ ಹೋಗಿದ್ದರು. ಏಳರವರೆಗೆ ಎಲ್ಲ ಸರಿ. ತೆರೆಯ ಮೇಲಿನ ಪುಟ್ಟ ಕೈಗುರುತು ಮೊಮ್ಮಗ ತೋರಿಸಿದ ಕಡೆಗೇ ಹೋಗುತ್ತಿತ್ತು. ಏಳಕ್ಕೆ ಗಿರಿಜಕ್ಕ ಕೈಕಾಲು ತೊಳೆದು ಬಂದು, ಟಿವಿಯ ಮೇಲಿನ ಗೋಡೆಗೆ ಹೊಡೆದ ದೇವರ ಹಲಗೆಯ ಮೇಲೆ ಎರಡು ಹಣತೆ ಹಚ್ಚಿ ಕೈಮುಗಿದರು. ಕೈಗುರುತು ಚಂಗನೆ ಎಡಕ್ಕೆ ನೆಗೆಯಿತು, ಬಲಕ್ಕೆ ನೆಗೆಯಿತು, ಮಾಯವಾಯಿತು.

"ಆಜೀ, ಯೇ ಫಿರ್ ಪಾಗಲ್ ಹೋ ಗಯಾ!" ಎಂದು ಮೊಮ್ಮಗ ಕೂಗಿದ, ಇದಕ್ಕೆ ಮತ್ತೆ ಹುಚ್ಚು ಹಿಡಿಯಿತೆಂದು. ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವನ ಉತ್ತರ ಹಿಂದಿಯಲ್ಲೇ.

ನನಗೆ ಥಟ್ಟನೆ ಹೊಳೆಯಿತು. ಆ ಗೇಮಿನ ಜೊತೆ ಟಿವಿಯ ಹತ್ತಿರ ಇಡಲು ಒಂದು ಪಟ್ಟಿ ಬರುತ್ತದೆ. ಅದರ ಎರಡು ತುದಿಗಳಲ್ಲಿ ಕಣ್ಣಿಗೆ ಕಾಣದ ಬೆಳಕು. ಕೈಯಲ್ಲಿರುವ ರಿಮೋಟ್ ಆ ಎರಡು ಬೆಳಕನ್ನು ನೋಡಿ ತಾನು ಯಾವ ಕಡೆ ಮುಖ ಮಾಡಿದ್ದೇನೆಂದು ತಿಳಿದುಕೊಳ್ಳುತ್ತದೆ. ದೀಪದ ಉರಿಯಲ್ಲೂ ಅದೇ ಬಗೆಯ ಬೆಳಕಿದೆ. ಪಾಪದ ರಿಮೋಟ್, ಎರಡರ ಜಾಗದಲ್ಲಿ ನಾಲ್ಕು ಬೆಳಕು ಕಂಡು ಯಾವುದನ್ನು ನಂಬಬೇಕೆಂದು ತಿಳಿಯದೆ ಒದ್ದಾಡುತ್ತಿತ್ತು. ಪರೀಕ್ಷೆಗೆಂದು ಪಟ್ಟಿಯ ವೈರನ್ನೇ ಕಿತ್ತುಬಿಟ್ಟೆ. ಬರೀ ಎರಡು ಹಣತೆಯ ಬೆಳಕಿನಲ್ಲಿ ಆಟ ಸೊಗಸಾಗಿ ನಡೆಯಿತು. ಗಿರಿಜಕ್ಕ ದೇವರಿಗೆ ಇನ್ನೊಮ್ಮೆ ಕೈಮುಗಿದು, ನನಗೆ ನೀರುದೋಸೆ ಹಾಕಿಕೊಟ್ಟರು. ದೇವರ ಹಲಗೆ ಸರಿಸುವ ಮಾತು ಆ ಮನೆಯಲ್ಲಿ ಏಳಲೇ ಇಲ್ಲ, ಟಿವಿಯನ್ನು ಎದುರು ಗೋಡೆಗೆ ಸಾಗಿಸಿದರು.

ಈ ಸಂಗತಿಯನ್ನು ಮರುದಿನ ರಿಪೋರ್ಟಿನಲ್ಲಿ ಬರೆಯಬೇಕಿತ್ತು. ನಿಯಮ ಹಾಗಿದೆ, ನೀವೂ ಹಾಗೆಯೇ ಮಾಡಿ. ನಾನು ಬರೆಯಲಿಲ್ಲ. ಆಗ ಯಾಕೆ ಬರೆಯಲಿಲ್ಲವೆಂದು ಕೇಳಿದ್ದರೆ ಮರೆತೆ ಎನ್ನುತ್ತಿದ್ದೆ. ಈಗ ಹೇಳುತ್ತೇನೆ, ಮರೆತಿರಲಿಲ್ಲ.

ಪ್ರದರ್ಶನದ ದಿನ ಬಂತು. ಕಲ್ಯಾಣ, ಡೊಂಬಿವಲಿ, ವಾಶಿ ಕಡೆಯ ಡೀಲರುಗಳು, ಹೆಡ್ಡಾಫೀಸಿನ ಇಬ್ಬರು ದೊಡ್ಡವರು, ಎಲ್ಲರೂ ನಮ್ಮ ಸೆಂಟರಿನಲ್ಲಿ ಸೇರಿದ್ದರು. ಶ್ರೀವತ್ಸ ಸರ್ ಹಿಂದಿನ ಸಂಜೆ ಇಪ್ಪತ್ತು ಸಲ ಅಭ್ಯಾಸ ಮಾಡಿದ್ದರು. ರಿಮೋಟಿನಿಂದ ಗುರಿ ಇಟ್ಟು ತೆರೆಯ ಮೇಲಿನ ಬಲೂನು ಒಡೆಯುವ ಆಟ. ನಮ್ಮ ಕಡೆ ದೀಪ ಹಚ್ಚದೆ ಯಾವ ಕಾರ್ಯಕ್ರಮವೂ ಶುರುವಾಗುವುದಿಲ್ಲ. ಅದಕ್ಕಾಗಿ ಬಾಗಿಲ ಹತ್ತಿರ ಎರಡು ಎತ್ತರದ ಹಿತ್ತಾಳೆ ದೀಪದ ಕಂಬಗಳನ್ನು ತಂದಿಟ್ಟಿದ್ದರು, ಒಂದೊಂದಕ್ಕೂ ಐದೈದು ಬತ್ತಿ.

ನಾನು ಆ ದೀಪಗಳನ್ನು ನೋಡಿದೆ. ಟಿವಿಯನ್ನು ನೋಡಿದೆ. ಆಮೇಲೆ ಕಿಟಕಿಯ ಪಕ್ಕದ ನನ್ನ ಮೇಜನ್ನು ನೋಡಿದೆ. ಆಗಲೇ ಅದರ ಮೇಲೆ ಯಾರೋ ಹೂವಿನ ಪೊಟ್ಟಣ, ಪೇಡೆಯ ಪೆಟ್ಟಿಗೆ ಇಟ್ಟುಬಿಟ್ಟಿದ್ದರು.

"ಸರ್, ದೀಪ ಬಾಗಿಲ ಹತ್ರ ಬ್ಯಾಡ್ರೀ. ಗಾಳಿಗೆ ಆರಿದ್ರ ಎಲ್ಲಾರ ಮುಂದ ಛಲೋ ಕಾಣೂದಿಲ್ಲ. ಟಿವಿ ಎಡಕ್ಕೊಂದು ಬಲಕ್ಕೊಂದು ಇಡೂಣ್ರೀ. ಫೋಟೊದಾಗೂ ಚಂದ ಬರ್ತದ."

"ಅರೆ, ಒಳ್ಳೆ ಐಡಿಯಾ! ಥ್ಯಾಂಕ್ಸ್ ಕಸ್ತೂರಿ ಅವ್ರೇ. ನೀವು ಬೇಜಾರ್ ಮಾಡ್ಕೊಂಡಿದೀರ ಅಂದ್ಕೊಂಡಿದ್ದೆ" ಎಂದರು. ಕಂಬವನ್ನು ಎತ್ತಲು ಅವರೇ ಒಂದು ಕಡೆ ಹಿಡಿದರು.

ದೊಡ್ಡವರು ದೀಪ ಹಚ್ಚಿದರು, ಚಪ್ಪಾಳೆ ಬಿತ್ತು. ಶ್ರೀವತ್ಸ ಸರ್ ರಿಮೋಟ್ ಎತ್ತಿ, "ನಾಳೆಯ ಆಟ ಇದು" ಎಂದು ಗುರಿ ಇಟ್ಟರು. ಕೈಗುರುತು ತೆರೆಯ ತುಂಬ ದಿಕ್ಕೆಟ್ಟು ಓಡಿತು. ಒಂದು ಬಲೂನೂ ಒಡೆಯಲಿಲ್ಲ. ರಿಮೋಟ್ ಬದಲಿಸಿದರು, ಸೆಲ್ ಬದಲಿಸಿದರು, ಯಂತ್ರ ಆರಿಸಿ ಹಚ್ಚಿದರು. ಆರಿಸದೆ ಉಳಿದದ್ದು ದೀಪವೊಂದೇ. ಹಚ್ಚಿದ ದೀಪವನ್ನು ಕಾರ್ಯಕ್ರಮದ ನಡುವೆ ಆರಿಸುವ ಯೋಚನೆ ಆ ಕೋಣೆಯಲ್ಲಿ ಯಾರಿಗೂ ಬರುವ ಹಾಗಿರಲಿಲ್ಲ, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಒಬ್ಬ ಡೀಲರ್ ಮರಾಠಿಯಲ್ಲಿ ಏನೋ ಅಂದ, ನಾಲ್ಕು ಜನ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದರು. ನಾನು ಪೇಡೆ ಹಂಚುತ್ತ ಎಲ್ಲರ ನಡುವೆ ಓಡಾಡಿದೆ. ಸುಳ್ಳು ಯಾಕೆ ಹೇಳಲಿ, ಒಳಗೊಳಗೇ ಹಿಗ್ಗಿದ್ದೆ.

ಸಹಿ ಬೀಳಲಿಲ್ಲ. ನನ್ನ ಮೇಜು ಉಳಿಯಿತು. ಆದರೆ ಹೆಡ್ಡಾಫೀಸಿನವರಿಗೆ ಭಿವಂಡಿಗೆ ಯಾರನ್ನಾದರೂ ಕಳಿಸಲೇಬೇಕಿತ್ತಂತೆ. ಮುಂದಿನ ತಿಂಗಳು ಶ್ರೀವತ್ಸ ಸರ್ ತಮ್ಮ ಚಹಾದ ಕಪ್ಪು, ಕ್ಯಾಲೆಂಡರು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿಕೊಂಡು ಗೋಡೌನಿಗೆ ಹೊರಟರು. ಹೋಗುವಾಗ ನನ್ನ ಮೇಜಿನ ಮುಂದೆ ನಿಂತು, "ನೀವು ಹೇಳಿದ್ದೇ ಸರಿ ಇರಬೋದು ಬಿಡಿ" ಎಂದರು. ನನ್ನ ಹಿಗ್ಗು ಅಲ್ಲೇ ಇಳಿಯಿತು. ನಾಚಿಕೆಯಾಯಿತು. ಹೇಳಿಬಿಡಬೇಕೆಂದು ಬಾಯಿ ತೆರೆದೆ, ಯಾರೋ ಇರುವೆ ತುಂಬಿದ ಕಂಟ್ರೋಲರ್ ತಂದು ಮುಂದಿಟ್ಟರು, ನಾನು ಸ್ಕ್ರೂಡ್ರೈವರ್ ಎತ್ತಿಕೊಂಡೆ.

ಮುಂದಿನ ವರ್ಷಗಳಲ್ಲಿ ರಿಮೋಟೂ ಬೇಡವೆನ್ನುವ ಯಂತ್ರ ಬಂತು. ಟಿವಿಯ ಹತ್ತಿರ ಒಂದು ಕ್ಯಾಮೆರಾ, ಅದು ನಮ್ಮ ಮೈಯನ್ನೇ ನೋಡುತ್ತದೆ. ನಾವು ಕುಣಿದರೆ ತೆರೆಯ ಮೇಲಿನ ಬೊಂಬೆ ಕುಣಿಯುತ್ತದೆ. ಈಗ ನನ್ನ ಮೇಜು ಹೋಯಿತು ಎಂದುಕೊಂಡೆ. ಈ ಸಲ ಕೈಯಾಡಿಸಬಾರದೆಂದು ಆಣೆ ಮಾಡಿ, ದೂರು ಬಂದ ಮನೆಗಳಿಗೆ ನಾನೇ ಹೋಗತೊಡಗಿದೆ.

ಠಾಕುರ್ಲಿಯ ಒಂದು ಮನೆಯಲ್ಲಿ, ಆಡುತ್ತಿದ್ದವಳು ಒಬ್ಬಳೇ ಆದರೂ ತೆರೆಯ ಮೇಲೆ ಇಬ್ಬರು ಕುಣಿಯುತ್ತಿದ್ದರು. ಎರಡನೆಯವರಿಗೇ ಹೆಚ್ಚು ಅಂಕ. ಮನೆಯವರು ದೆವ್ವವೆಂದು ಹೆದರಿದ್ದರು. ನೋಡಿದರೆ ಛಾವಣಿಯ ಹಗ್ಗದಿಂದ ಇಳಿಬಿಟ್ಟ ಒದ್ದೆ ಸೀರೆ ಫ್ಯಾನಿನ ಗಾಳಿಗೆ ತೊನೆಯುತ್ತಿತ್ತು, ಕ್ಯಾಮೆರಾ ಅದನ್ನೇ ಆಟಗಾರ್ತಿ ಎಂದುಕೊಂಡಿತ್ತು. ಕಲ್ಯಾಣದ ಇನ್ನೊಂದು ಕಡೆ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮೂರನೇ ಮಾಳಿಗೆಯಲ್ಲಿ ಯಾರೂ ಹಾರಬಾರದೆಂದು ಸೊಸೈಟಿಯ ಸೆಕ್ರೆಟರಿ ನೋಟಿಸು ಹಚ್ಚಿದ್ದರು. ಕೆಳಗಿನ ಮನೆಯವರ ಛಾವಣಿಯ ಸುಣ್ಣ ಅವರ ಸಾರಿನಲ್ಲಿ ಬೀಳುತ್ತಿತ್ತಂತೆ. ಎಲ್ಲ ಕಡೆಯೂ ಯಂತ್ರ ಕೇಳುತ್ತಿದ್ದದ್ದು ತನ್ನ ಮುಂದೆ ಎಂಟು ಅಡಿ ಖಾಲಿ ನೆಲ. ನಮ್ಮ ಕಡೆಯ ಮನೆಗಳಲ್ಲಿ ಎಂಟು ಅಡಿ ಖಾಲಿ ಇದ್ದರೆ ಅಲ್ಲಿ ಊರಿಂದ ಬಂದ ಯಾರಾದರೂ ಮಲಗಿರುತ್ತಾರೆ.

ಜಾಗ ಇದ್ದವರ ಮನೆಯಲ್ಲಾದರೂ ನಡೆಯುತ್ತದೆಯೋ ಎಂದರೆ ಅದೂ ಇಲ್ಲ. ಖಾರಘರದಲ್ಲಿ ಬೆಂಗಳೂರಿನ ಐಟಿ ದಂಪತಿಯ ಹನ್ನೊಂದನೇ ಮಾಳಿಗೆಯ ಫ್ಲ್ಯಾಟು, ನಡುಮನೆಯಲ್ಲಿ ಸೈಕಲ್ ಹೊಡೆಯಬಹುದು. ಕ್ಯಾಮೆರಾ ಮೇಲೆ ಕ್ರೋಶಾ ಹೆಣಿಗೆಯ ಬಟ್ಟೆ ಹೊದಿಸಿ ಹೂದಾನಿ ಇಟ್ಟಿದ್ದರು. ನನ್ನನ್ನು ಕರೆಸಿದ್ದು ಹಳೆಯ ಬಟನ್ ಕಂಟ್ರೋಲರ್ ರಿಪೇರಿಗೆ.

"ಕ್ಯಾಮೆರಾ ಕೆಟ್ಟದ ಏನ್ರೀ?" ಎಂದು ಕೇಳಿದೆ.

"ಇಲ್ಲ ಆಂಟಿ, ಅದು ಸೂಪರಾಗಿದೆ" ಎಂದ ಗಂಡ, ಸೋಫಾದಿಂದ ಏಳದೆ. "ಆದ್ರೆ ಲೋಕಲ್ ಟ್ರೈನಲ್ಲಿ ಒಂದೂವರೆ ಗಂಟೆ ಒಂಟಿ ಕಾಲಲ್ಲಿ ನಿಂತ್ಕೊಂಡು ಬಂದಿರ್ತೀನಿ. ಮನೇಲೂ ನಿಂತ್ಕೊಂಡು ಆಡು ಅಂದ್ರೆ ಹೆಂಗೆ ಹೇಳಿ? ನಂಗೆ ಎರಡು ಹೆಬ್ಬೆರಳು ಮಾತ್ರ ಆಡಿಸೋಷ್ಟು ಶಕ್ತಿ ಉಳಿದಿರತ್ತೆ."

ಆ ದಿನ ಹಾರ್ಬರ್ ಲೈನಿನ ರೈಲಿನಲ್ಲಿ ವಾಪಸು ಬರುತ್ತ ನನಗೆ ಲೆಕ್ಕ ಅರ್ಥವಾಯಿತು. ಕೈ ಬೀಸುವ ಆಟ ತಾನಾಗಿಯೇ ಸೋತಿತ್ತು. ಬಟನ್ನುಗಳನ್ನು ಕಾಯಲು ಗಿರಿಜಕ್ಕನ ಮನೆಯಂಥ ಮನೆಗಳಿದ್ದವು, ಲೋಕಲ್ ರೈಲಿತ್ತು, ದಣಿದ ಕಾಲುಗಳಿದ್ದವು. ನಾನು ದೀಪದ ಕಂಬ ಸರಿಸಬೇಕಾಗಿಯೇ ಇರಲಿಲ್ಲ. ಹೆಚ್ಚೆಂದರೆ ಒಂದೆರಡು ವರ್ಷ ಭಿವಂಡಿಯಲ್ಲಿದ್ದು ಮತ್ತೆ ಮೇಜಿಗೆ ಬರುತ್ತಿದ್ದೆ, ಗೆದ್ದು ಬರುತ್ತಿದ್ದೆ. ಮನೆ ಮುಟ್ಟುವವರೆಗೂ ನನ್ನ ಮನಸ್ಸಿಗೆ ಸಮಾಧಾನವಿರಲಿಲ್ಲ.

ನಿವೃತ್ತಿಗೆ ಸ್ವಲ್ಪ ಮೊದಲು, ವಾಪಸು ಬಂದ ಕ್ಯಾಮೆರಾ ಸೆಟ್ಟುಗಳನ್ನು ಪರೀಕ್ಷಿಸಿ ಬನ್ನಿ ಎಂದು ನನ್ನನ್ನು ಭಿವಂಡಿಗೆ ಕಳಿಸಿದರು. ಗೋಡೌನಿನ ಒಳಗೆ ಕಾಲಿಟ್ಟರೆ ಹಾಡು, ಕೇಕೆ, ಶಿಳ್ಳೆ. ಊಟದ ವಿರಾಮ. ಪೆಟ್ಟಿಗೆಗಳ ಸಾಲುಗಳ ನಡುವೆ ಮದುವೆ ಮಂಟಪದಷ್ಟು ಖಾಲಿ ಜಾಗ, ಒಂದು ಟಿವಿ, ಒಂದು ಕ್ಯಾಮೆರಾ. ಅದರ ಮುಂದೆ ನಾಲ್ಕು ಜನ ಹಮಾಲರು ಬೌಲಿಂಗ್ ಆಡುತ್ತಿದ್ದರು. ನಡುವೆ ಬಿಳಿ ಕೂದಲಿನ ಶ್ರೀವತ್ಸ ಸರ್, ಅಂಗಿಯ ತೋಳು ಮಡಿಚಿ, ಒಂದು ಕಾಲು ಹಿಂದಕ್ಕೆ ಚಾಚಿ, ಇಲ್ಲದ ಚೆಂಡನ್ನು ಉರುಳಿಸುತ್ತಿದ್ದರು.

"ಬರ್ರಿ ಅಕ್ಕಾರ, ಸಾಹೇಬ್ರನ್ನ ಸೋಲ್ಸೋರು ಇಲ್ಲಿ ಯಾರೂ ಇಲ್ಲ ನೋಡ್ರಿ" ಎಂದ ಒಬ್ಬ ಹಮಾಲ, ಕಲಬುರಗಿ ಕಡೆಯ ಮಲ್ಲಣ್ಣ. ಕ್ವಿಂಟಲ್ ಹೊರುವ ಆಳು ಬೆವರಿಳಿಸಿಕೊಂಡು ಮಗುವಿನ ಹಾಗೆ ನಗುತ್ತಿದ್ದ.

"ಕಸ್ತೂರಿ ಅವ್ರೇ!" ಶ್ರೀವತ್ಸ ಸರ್ ಓಡಿಬಂದರು. "ನೋಡಿ, ನೋಡಿ! ಇಡೀ ಠಾಣೆ ಜಿಲ್ಲೇಲಿ ಈ ಯಂತ್ರಕ್ಕೆ ಸರಿಯಾದ ಮನೆ ಇದೊಂದೇ."

ಅವರ ಖುಷಿ ನೋಡಿ ನನಗೆ ತಡೆಯಲಾಗಲಿಲ್ಲ. ಪೆಟ್ಟಿಗೆಯೊಂದರ ಮೇಲೆ ಕೂರಿಸಿ ಎಲ್ಲ ಹೇಳಿಬಿಟ್ಟೆ. ಗಿರಿಜಕ್ಕನ ಹಣತೆ, ಬರೆಯದ ರಿಪೋರ್ಟು, ಗಾಳಿಯ ನೆಪ, ದೀಪದ ಕಂಬ. ಅವರ ಮುಖದ ನಗು ಒಮ್ಮೆಲೇ ಹೋಗಲಿಲ್ಲ, ಏನೋ ತಮಾಷೆ ಇರಬೇಕೆಂದು ಸ್ವಲ್ಪ ಹೊತ್ತು ಕಾದು ನಿಂತಿತು.

"ಒಂದು ಕಡೆ ನಾನೇ ಹಿಡ್ಕೊಂಡಿದ್ದೆ" ಎಂದರು.

"ಹೌದ್ರೀ ಸರ್."

"ಎಷ್ಟು ವರ್ಷ ಅದನ್ನೇ ಯೋಚನೆ ಮಾಡಿದೀನಿ ಗೊತ್ತಾ? ಬ್ಯಾಟರಿನಾ, ಬೋರ್ಡಾ, ನನ್ ಕೈ ನಡುಗ್ತಾ ಅಂತ. ಮನೇಲಿ ಹೆಂಡ್ತಿ ಮಲಗಿದ್ಮೇಲೂ ಕೈ ಹಿಂಗೆ ಹಿಡಿದು ನೋಡ್ಕೊತಿದ್ದೆ."

ತಪ್ಪಾಯಿತು ಎಂದೆ. ಅವರು ತಲೆ ಅಲ್ಲಾಡಿಸಿದರು.

"ಸೋಲ್ತಿದ್ದೆ ಬಿಡಿ. ಯಾರ ಮನೇಲೂ ಜಾಗ ಇಲ್ಲ, ನಂಗೂ ಆಮೇಲೆ ಗೊತ್ತಾಯ್ತು. ಆದ್ರೆ ನನ್ ಸೋಲು ನಾನೇ ಸೋಲ್ಬೇಕಿತ್ತು ಕಸ್ತೂರಿ ಅವ್ರೇ. ಅದನ್ನ ನೀವು ಕಿತ್ಕೊಂಡ್ರಿ."

ಮಲ್ಲಣ್ಣ ಸ್ಟೀಲ್ ಲೋಟದಲ್ಲಿ ಚಹಾ ತಂದಿಟ್ಟು, ಇಬ್ಬರ ಮುಖವನ್ನೂ ನೋಡಿ ಹಿಂದೆ ಸರಿದ. ಶ್ರೀವತ್ಸ ಸರ್ ಚಹಾ ಮುಗಿಸಿ ಎದ್ದು, "ಬನ್ನಿ, ನಿಂತ್ಕೊಳ್ಳಿ" ಎಂದು ನೆಲದ ಮೇಲಿನ ಸೀಮೆಸುಣ್ಣದ ಗೆರೆ ತೋರಿಸಿದರು.

ಸೀರೆಯ ಸೆರಗು ಸಿಕ್ಕಿಸಿಕೊಂಡು ನಿಂತೆ. ಅಷ್ಟು ವರ್ಷ ಆ ಯಂತ್ರಗಳನ್ನು ಬೈದಿದ್ದೆನೇ ಹೊರತು ಒಂದು ದಿನವೂ ಮನಸ್ಸಿಟ್ಟು ಆಡಿರಲಿಲ್ಲ. ಇದ್ದ ಶಕ್ತಿಯೆಲ್ಲ ಹಾಕಿ ತೋಳು ಬೀಸಿದೆ. ಅಂದು ಏಳು ಆಟ ಆಡಿದೆವು, ಏಳರಲ್ಲೂ ಅವರೇ ಗೆದ್ದರು. ಪ್ರತಿ ಸಲ ಗೆದ್ದ ಮೇಲೂ ಕುಣಿಯುವ ಮೊದಲು ಅವರು ಟಿವಿಯ ಹತ್ತಿರ ಹೋಗಿ, ಅದರ ಹಿಂದೆ ಇಣುಕಿ, ಅಕ್ಕಪಕ್ಕ ಕೈಯಾಡಿಸಿ, ನಾನು ಏನೂ ಇಟ್ಟಿಲ್ಲವೆಂದು, ಗೆಲುವು ತಮ್ಮದೇ ಎಂದು ಖಾತ್ರಿ ಮಾಡಿಕೊಂಡು ಬರುತ್ತಿದ್ದರು. ನಾನು ಗೆರೆಯ ಮೇಲೆ ನಿಂತು ಕಾಯುತ್ತಿದ್ದೆ.